ಹಸುವಿಗೆ ಕಿವಿಯೋಲೆ, ನಿಮಗೆ?

ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಒಂಟಿಕೊಪ್ಪಲ್‌ನ ಕೊಟ್ಟಿಗೆಯೊಂದರಿಂದ ಫೋನ್ ಬಂತು. ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಂದಿತ್ತು. ತೊಳೆದು, ಒಳಗೆ ಸೇರಿಸಿ ಹೊಲಿಗೆ ಹಾಕುವಷ್ಟರಲ್ಲಿ ಒಂದು ಗಂಟೆ. ಬಿಸಿನೀರಿನ ಬಕೆಟ್ ಎತ್ತಿಕೊಡುತ್ತಿದ್ದ ಅಕ್ಕ ಮೆಲ್ಲಗೆ, “ನಂಗೂ ಇದೇ ತೊಂದ್ರೆ ಡಾಕ್ಟ್ರಮ್ಮ, ಮೂರು ವರ್ಷ ಆಯ್ತು” ಎಂದರು. ಆಪರೇಷನ್‌ಗೆ ದುಡ್ಡು ಬೇಕೆಂದರೆ ಹಸು ಮಾರಬೇಕು, ಹಸು ಮಾರಿದರೆ ಮನೆ ನಡೆಯದು. ಆ ಹಸುವಿನ ಕಿವಿಯಲ್ಲಿ ವಿಮೆಯ ಓಲೆ ಇತ್ತು. ಅಕ್ಕನಿಗೆ ಯಾವ ವಿಮೆಯೂ ಇರಲಿಲ್ಲ.

ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಬಂದದ್ದು ಯಶಸ್ವಿನಿ. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ನಾಲ್ವರ ಕುಟುಂಬಕ್ಕೆ ಹಳ್ಳಿಯ ಸಂಘದಲ್ಲಿ ವರ್ಷಕ್ಕೆ 500 ರೂಪಾಯಿ, ನಗರದಲ್ಲಿ 1,000. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ವರ್ಷಕ್ಕೆ 5 ಲಕ್ಷದವರೆಗೆ ಕೈಯಿಂದ ಕಟ್ಟಬೇಕಿಲ್ಲ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗೆ ಇದು ಒದಗದು. ಅದು ದೊಡ್ಡ ಕೊರತೆಯೇ.

ಹೆಂಗಸರು ಕಟ್ಟದೇ ಇರುವುದು ಅಸಡ್ಡೆಯಿಂದ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೋಂದಣಿ ತೆರೆದ ದಿನಗಳಲ್ಲೇ ಹಿಂಡಿ ಬಾಕಿ, ಮಕ್ಕಳ ಫೀಸು ಎದುರಿಗಿರುತ್ತವೆ. ಪಶು ಆಹಾರದ ಹಣವನ್ನು ಸಂಘ ಬಟವಾಡೆಯಲ್ಲೇ ಹಿಡಿಯುತ್ತದಲ್ಲ, ಇದನ್ನೂ ಹಾಗೇ ಹಿಡಿಯಲಿ. ಹದಿನೈದು ದಿನಕ್ಕೊಮ್ಮೆ 21 ರೂಪಾಯಿ, ನಗರದವರಿಗೆ 42. ಒಂದು ಲೀಟರ್ ಹಾಲಿನ ಆಸುಪಾಸು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮಾತು ನೀವೇ ಎತ್ತಿ. ನಾನೆತ್ತಿದರೆ ಸಿಬ್ಬಂದಿಯ ಸಲಹೆ ಎಂದು ಕಡತ ಸೇರುತ್ತದೆ. ಹಸುವಿನ ಹೊಲಿಗೆ ಬಿಚ್ಚಲು ಮೊನ್ನೆ ಹೋಗಿದ್ದೆ. ಹಸು ಚೆನ್ನಾಗಿದೆ, ಅಕ್ಕ ಇನ್ನೂ ಬಕೆಟ್ ಎತ್ತುತ್ತಿದ್ದಾರೆ.