ಎಡಗಾಲಿಗೆ ಪಾಠ ಹೇಳುವವರಾರು?

ಬೆಳಗಿನ ಆರೂವರೆಗೆ ಶಿವಮೊಗ್ಗದ ಯಾವ ಬಡಾವಣೆಗೆ ಹೋದರೂ ಈ ನೋಟ ಖಾಯಂ. ತಲೆ ಮೇಲೆ ಬೋರ್ಡು ಹೊತ್ತ ಸಣ್ಣ ಕಾರು. ಒಳಗೆ ಒಬ್ಬ ಗುರು, ಮೂವರು ಶಿಷ್ಯರು. ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಗಕ್ಕನೆ ನಿಲ್ಲುತ್ತದೆ. ಹಿಂದಿನಿಂದ ಹಾಲಿನ ವ್ಯಾನಿನವ ಹಾರ್ನ್ ಬಾರಿಸುತ್ತಾನೆ. ಗುರು ಗದರುತ್ತಾನೆ: "ಆಕ್ಸಿಲರೇಟರ್ ಕೊಡ್ರೀ, ಮತ್ತೆ ಆಫ್ ಮಾಡಿದ್ರಲ್ಲ!"

ರೋಗದ ಮೂಲ ಈ ಗದರಿಕೆಯಲ್ಲೇ ಇದೆ.

ಇಂಜಿನ್ ಆಫ್ ಆದರೆ ಕಾರಿಗೆ ಅಂಥ ನಷ್ಟವೇನಿಲ್ಲ ಸ್ವಾಮಿ. ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು, ಕೀ ತಿರುಗಿಸಿದರೆ ಆಯ್ತು. ಹೋಗೋದು ಮಾನ ಮಾತ್ರ. ಆ ಮಾನ ಉಳಿಸಿಕೊಳ್ಳಲು ಶಿಷ್ಯ ಏನು ಮಾಡುತ್ತಾನೆ? ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತುತ್ತಾನೆ, ಎಡಗಾಲಲ್ಲಿ ಕ್ಲಚ್ಚನ್ನು ಪೂರ್ತಿ ಬಿಡದೆ ಅರ್ಧಕ್ಕೇ ಹಿಡಿದು ಸಾಗುತ್ತಾನೆ. ಗ್ಯಾರೇಜಿನವರ ಬಾಯಲ್ಲಿ ಇದಕ್ಕೆ ಹಾಫ್ ಕ್ಲಚ್ ಅಂತ ಹೆಸರು. ಒಳಗೆ ಇಂಜಿನ್ನಿನ ಫ್ಲೈವೀಲ್ ಗರಗರ ತಿರುಗುತ್ತಿರುತ್ತದೆ. ಅದಕ್ಕೆ ಕಚ್ಚಿಕೊಳ್ಳಬೇಕಾದ ಕ್ಲಚ್ ಪ್ಲೇಟು ಕಚ್ಚದೆ ಉಜ್ಜುತ್ತಿರುತ್ತದೆ, ಸಾಣೆಕಲ್ಲಿಗೆ ಮಚ್ಚು ಹಿಡಿದ ಹಾಗೆ. ಹೊರಡುವಾಗ ಒಂದೆರಡು ಸೆಕೆಂಡು ಉಜ್ಜಲೇಬೇಕು, ಅದಕ್ಕೇ ಅದು ಇರೋದು. ಆದರೆ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹಾಗೇ ಹಿಡಿದು ಹೋದರೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಹೊಸಬರು ಅದು ಪಕ್ಕದ ಲಾರಿಯದು ಅಂದುಕೊಳ್ಳುತ್ತಾರೆ.

ವರ್ಷಗಟ್ಟಲೆ ಬಾಳಬೇಕಾದ ಪ್ಲೇಟು ಹೀಗೆ ಕೆಲವೇ ತಿಂಗಳಲ್ಲಿ ಸವೆದು ಹೋಗುತ್ತದೆ. ಪ್ಲೇಟಿನ ರೇಟಿಗಿಂತ ಅದನ್ನು ಹಾಕುವ ಕೆಲಸವೇ ದೊಡ್ಡದು. ಗೇರ್ ಬಾಕ್ಸ್ ಕೆಳಗಿಳಿಸದೆ ಅದು ಕೈಗೆ ಸಿಗುವುದಿಲ್ಲ. ಬಿಚ್ಚಿದ ಮೇಲೆ ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲವನ್ನೂ ಹೊಸದಾಗಿ ಹಾಕಿ ಅನ್ನುತ್ತಾನೆ ಮೆಕ್ಯಾನಿಕ್. ಅವನು ಹೇಳೋದೂ ಸರಿಯೇ. ಗಾಂಧಿ ಬಜಾರಿನ ಅಂಗಡಿಯವರು ಕೈಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ತಂದಿರುತ್ತಾರೆ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲಿಕ್ಕೆ, ಮಾಲು ತರಲಿಕ್ಕೆ. ಮೊದಲ ವರ್ಷವೇ ಒಂದು ತಿಂಗಳ ವ್ಯಾಪಾರದ ಲಾಭ ಗ್ಯಾರೇಜಿನ ಪಾಲು. ಕ್ಲಚ್ ಪೆಡಲೇ ಇಲ್ಲದ ಕಾರುಗಳು ಬಂದಿವೆ, ನಿಜ. ಆದರೆ ನಮ್ಮಂಥವರ ಬಜೆಟ್ಟಿಗೆ ಸಿಗುವ ಹಳೇ ಕಾರುಗಳಲ್ಲಿ ಬಹುಪಾಲಿಗೆ ಮೂರು ಪೆಡಲ್ಲೇ.

ಹಾಗಾದರೆ ಶಾಲೆಯಲ್ಲಿ ಕಲಿಸೋದೇನು? ಸ್ಟೀರಿಂಗ್ ತಿರುಗಿಸೋದು, ಅಷ್ಟೇ. ಕಲಿಕೆಯ ಕಾರಿನಲ್ಲಿ ಗುರುವಿನ ಕಾಲಡಿಯೂ ಪೆಡಲ್ ಇರುತ್ತವೆ. ಅಪಾಯ ತಪ್ಪಿಸಲಿ ಅಂತ ಕಾನೂನೇ ಅದನ್ನು ಇಡಿಸಿದೆ. ಆದರೆ ಬಹಳ ಕಡೆ ಆಗೋದೇನು? ಮೊದಲ ದಿನದಿಂದ ಕೊನೇ ದಿನದವರೆಗೆ ಕ್ಲಚ್ ಒತ್ತುವವನು ಗುರು. ಕಾರು ಮೆತ್ತಗೆ ಹೊರಟಾಗ ಶಿಷ್ಯನಿಗೆ ತಾನೇ ಹೊರಡಿಸಿದೆ ಅನ್ನೋ ಭ್ರಮೆ. ಸ್ವಂತ ಕಾರಿನಲ್ಲಿ ಒಬ್ಬನೇ ಕೂತ ದಿನ ಬಣ್ಣ ಬಯಲು.

ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989 ಏನು ಹೇಳುತ್ತದೆ ನೋಡಿ. ಕಾರು ಕಲಿಕೆ 21 ದಿನಕ್ಕೆ ಕಡಿಮೆ ಇರಬಾರದು, ಶಿಷ್ಯ ಸ್ವತಃ ಓಡಿಸುವುದು 10 ಗಂಟೆಗೆ ಕಡಿಮೆ ಆಗಬಾರದು. ದಿನಕ್ಕೆ ಸುಮಾರು ಅರ್ಧ ಗಂಟೆ ಅಂತಾಯ್ತು. ಒಂದು ಗಂಟೆಗೆ ಮೂವರನ್ನು ತುಂಬಿಕೊಂಡರೆ ತಲೆಗೆ 20 ನಿಮಿಷ, 21 ದಿನಕ್ಕೆ ಬರೀ 7 ಗಂಟೆ. ಉಳಿದ 3 ಗಂಟೆಯ ಫೀಸು ವಾಪಸ್ ಕೊಟ್ಟ ಶಾಲೆ ಯಾವುದಾದರೂ ಇದೆಯೇ?

ಅದೇ ನಿಯಮಾವಳಿಯಲ್ಲಿ ಲೈಸೆನ್ಸಿನ ಪರೀಕ್ಷೆಗೆ ಇನ್ನೂ ಎರಡು ಮಾತಿವೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬೇಗ ಬರಬೇಕು. ಮಲೆನಾಡಿಗರಿಗೆ ಇದು ಪುಸ್ತಕದ ಮಾತಲ್ಲ, ಪ್ರಾಣದ ಮಾತು. ಶಿವಮೊಗ್ಗದಲ್ಲಿ ಕಲಿತವನು ಲೈಸೆನ್ಸ್ ಸಿಕ್ಕ ಮರುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಉಡುಪಿಗೆ ಹೊರಡುತ್ತಾನೆ. ಆಗುಂಬೆ ಘಾಟಿಯಲ್ಲಿ 14 ತಿರುವು. ಹತ್ತುವಾಗ ಮುಂದೆ ಬಸ್ಸು ನಿಂತಿತೆಂದರೆ ಇವನು ಹ್ಯಾಂಡ್ ಬ್ರೇಕ್ ಎಳೆಯದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ತೂಗಿ ನಿಲ್ಲಿಸುತ್ತಾನೆ. ಪ್ಲೇಟಿಗೆ ಇದಕ್ಕಿಂತ ಕ್ರೂರ ಶಿಕ್ಷೆ ಇನ್ನೊಂದಿಲ್ಲ. ಇಳಿಯುವಾಗ ಇನ್ನೂ ಕೆಟ್ಟದು. ಪೆಟ್ರೋಲ್ ಉಳಿಯುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿ ನ್ಯೂಟ್ರಲ್ ಮಾಡಿಬಿಡುತ್ತಾನೆ. ಆಗ ಅಷ್ಟೂ ಭಾರ ಬ್ರೇಕಿನ ಮೇಲೆ. ಬ್ರೇಕು ಕಾದು ಹಿಡಿತ ಬಿಡುತ್ತದೆ. ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಧನದ ಸರಬರಾಜೇ ನಿಲ್ಲುತ್ತದೆ, ಪೆಟ್ರೋಲ್ ಉಳಿಯೋದು ಹಾಗೆ. ಹಾಫ್ ಕ್ಲಚ್ಚಿನಿಂದ ಹೋಗೋದು ದುಡ್ಡು. ನ್ಯೂಟ್ರಲ್ಲಿನಿಂದ ಹೋಗೋದೇನು ಅಂತ ಬೇರೆ ಹೇಳಬೇಕಾಗಿಲ್ಲ.

ದಿನಾ ಬಸ್ಸಿಗೆ ಬರುವವರಿಗೆ ಪುಕ್ಕಟೆ ಪಾಠವೊಂದಿದೆ. ಮುಂದಿನ ಸೀಟು ಸಿಕ್ಕರೆ ಮೊಬೈಲ್ ಬದಿಗಿಟ್ಟು ಡ್ರೈವರಣ್ಣನ ಎಡಗಾಲು ನೋಡಿ. ಪಳಗಿದವರು ಗೇರ್ ಬಿದ್ದ ಕೂಡಲೇ ಕಾಲನ್ನು ಕ್ಲಚ್ಚಿನಿಂದ ತೆಗೆದು ಪಕ್ಕಕ್ಕೆ ಇಡುತ್ತಾರೆ. ಅದರ ಮೇಲೆ ಕಾಲು ಇಟ್ಟು ವಿಶ್ರಾಂತಿ ತಗೊಳ್ಳೋ ಚಾಳಿ ಕಾರಿನವರದ್ದು.

ಕಲಿಯುವುದು ಕಷ್ಟವೂ ಅಲ್ಲ. ಸಪಾಟಾದ ಖಾಲಿ ಮೈದಾನ, ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು, ಒಂದು ಗಂಟೆ ಸಾಕು. ಮೊದಲ ಗೇರು ಹಾಕಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಕಾರಿನ ಮೈ ಸಣ್ಣಗೆ ನಡುಗುತ್ತದೆ. ಕಚ್ಚುವ ಜಾಗ ಅದೇ. ಅಲ್ಲಿ ಕ್ಷಣಹೊತ್ತು ತಡೆದರೆ ಈಗಿನ ಬಹುತೇಕ ಕಾರು ತಾನೇ ಹೊರಡುತ್ತದೆ. ನಿಲ್ಲಿಸಿ, ಮತ್ತೆ ಹೊರಡಿಸಿ. ಹತ್ತು ಸಲ ಆಫ್ ಆಗಲಿ ಬಿಡಿ. ರಿವರ್ಸ್ ಹಾಕುವ ಮುಂಚೆ ಕಾರು ಪೂರ್ತಿ ನಿಂತಿರಲಿ, ಕರಕರ ಅಂದದ್ದು ಗೇರಿನ ಹಲ್ಲು.

ದುರ್ಗಿಗುಡಿಯಲ್ಲಿ ಕೆಂಪು 'ಎಲ್' ಅಂಟಿಸಿಕೊಂಡ ಕಾರೊಂದು ನಿಂತರೆ ಹಿಂದಿನ ಹತ್ತು ಜನ ಹಾರ್ನ್ ಮೇಲೆ ಕೈಯಿಟ್ಟು ತೆಗೆಯೋದಿಲ್ಲವಲ್ಲ, ಅವರ ಪಾಲೂ ಈ ಸುಟ್ಟ ವಾಸನೆಯಲ್ಲಿದೆ.

ಸಾರಿಗೆ ಇಲಾಖೆಯವರಲ್ಲಿ ಒಂದು ಕೇಳಿಕೆ. ಪರೀಕ್ಷೆಗೆ ಬಂದ ಪ್ರತಿಯೊಬ್ಬರಿಂದಲೂ ಏರಿನಲ್ಲಿ ಒಮ್ಮೆ ಕಾರು ನಿಲ್ಲಿಸಿ ಹೊರಡಿಸಿ ನೋಡಿ, ನಿಯಮದಲ್ಲಿ ಇರುವುದೇ ಅದು. ಫೀಸು ಕಟ್ಟುವ ಓದುಗರೂ ದುಡ್ಡು ಎಣಿಸುವ ಮುಂಚೆಯೇ ಶಾಲೆಯವರನ್ನು ಕೇಳಿ: ನಮ್ಮ 10 ಗಂಟೆ ಪೂರ್ತಿ ಕೊಡ್ತೀರಾ, ಏರಿನ ಪಾಠ ಯಾವ ದಿನ, ನಿಮ್ಮ ಕಾಲು ಕ್ಲಚ್ಚಿನಿಂದ ತೆಗೆಯೋದು ಎಷ್ಟನೇ ದಿನದಿಂದ?