ಮಗು ಯಾರ ಬಳಿ? ಮೇಲ್ಮನವಿಗೆ ಮುನ್ನ ತಿಳಿಯಬೇಕಾದ ಲೆಕ್ಕ

ಗುತ್ತಲ: ಗಂಡ-ಹೆಂಡತಿ ಬೇರೆಯಾದ ಮೇಲೆ ಮಗು ಯಾರ ಹತ್ತಿರ ಇರಬೇಕು ಅಂತ ಕೋರ್ಟ್ ಆದೇಶ ಮಾಡಿದರೆ, ಸೋತ ಮನೆಯಲ್ಲಿ ಮೊದಲು ಬರುವ ಮಾತು ‘ಮೇಲಿನ ಕೋರ್ಟಿಗೆ ಹೋಗೋಣ’. ಹೋಗಬಹುದು. ಆದರೆ ಮೇಲ್ಮನವಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿಯದೆ ಹೊರಟರೆ ದುಡ್ಡೂ ಹೋಗುತ್ತದೆ, ಮಗುವಿನ ವರ್ಷಗಳೂ ಹೋಗುತ್ತವೆ.

ಹಾವೇರಿ ಜಿಲ್ಲೆಯವರಿಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಬೆಂಗಳೂರೇ ಗತಿ. ಈಗ ದೂರ ಕಡಿಮೆಯಾಗಿದೆ, ಗಡುವು ಮಾತ್ರ ಬಿಗಿಯಾಗಿಯೇ ಇದೆ.

30 ದಿನದ ಗಡುವು

ಕುಟುಂಬ ನ್ಯಾಯಾಲಯ ಕೊಟ್ಟ ಆದೇಶವಾದರೆ, 1984ರ ಕಾಯ್ದೆಯ 19ನೇ ಕಲಂ ಪ್ರಕಾರ 30 ದಿನದೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಹಾಕಬೇಕು. ಹಿಂದೂ ವಿವಾಹ ಕಾಯ್ದೆಯ 28ನೇ ಕಲಂನಲ್ಲಿ 90 ದಿನ ಎಂದಿದೆ. ಯಾವುದು ಅನ್ವಯ ಎಂಬ ವಾದಕ್ಕೆ ಬೀಳುವ ಬದಲು 30 ಎಂದೇ ಹಿಡಿಯುವುದು ಕ್ಷೇಮ. ಆದೇಶದ ದೃಢೀಕೃತ ಪ್ರತಿ ಸಿಗಲು ಹಿಡಿದ ದಿನಗಳನ್ನು ಗಡುವಿನಲ್ಲಿ ಎಣಿಸುವುದಿಲ್ಲ. ಆದರೆ ಪ್ರತಿಗೆ ಅರ್ಜಿ ಹಾಕಲು ನಾವೇ ತಡ ಮಾಡಿದ ದಿನಗಳು ಲೆಕ್ಕಕ್ಕೆ ಬರುತ್ತವೆ.

ಎರಡು ಕಡೆ ಈ ದಾರಿ ಮುಚ್ಚಿರುತ್ತದೆ. ಕೇಸು ನಡೆಯುವಾಗ ಕೊಡುವ ಮಧ್ಯಂತರ ಆದೇಶಕ್ಕೆ 19ನೇ ಕಲಂ ಅಡಿ ಮೇಲ್ಮನವಿ ಇಲ್ಲ. ಇಬ್ಬರೂ ಒಪ್ಪಿ ಸಹಿ ಮಾಡಿದ ಆದೇಶಕ್ಕೂ ಇಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೂ ಅಷ್ಟೇ. ಹಿರಿಯರು ಹೇಳಿದರು, ಹೆಂಗೋ ಮುಗೀಲಿ ಅಂತ ಸಹಿ ಹಾಕುವ ಮುಂಚೆ ಮಗುವನ್ನು ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಭೇಟಿ ಮಾಡಬಹುದು ಎಂಬುದನ್ನು ಕಾಗದದಲ್ಲಿ ಓದಿಕೊಳ್ಳಬೇಕು.

ಅರ್ಜಿ ಹಾಕಿದರೆ ಆದೇಶ ನಿಲ್ಲದು

ಬಹಳ ಮಂದಿ ಎಡವುವುದು ಇಲ್ಲೇ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಅದು ಸಿಗುವ ತನಕ ಮಗುವನ್ನು ಒಪ್ಪಿಸದೆ ಇಟ್ಟುಕೊಂಡರೆ, ಶಾಲೆಯಿಂದಲೇ ಕರೆದುಕೊಂಡು ಹೋದರೆ, ಆ ನಡವಳಿಕೆಯೇ ಹೈಕೋರ್ಟ್‌ನಲ್ಲಿ ತಿರುಗಿ ಬೀಳುತ್ತದೆ.

ಮೇಲ್ಮನವಿಯಲ್ಲಿ ಕೇಸು ಸಾಮಾನ್ಯವಾಗಿ ಮೊದಲಿನಿಂದ ನಡೆಯುವುದಿಲ್ಲ. ಕೆಳಗಿನ ಕೋರ್ಟ್‌ನ ದಾಖಲೆ, ಸಾಕ್ಷ್ಯವೇ ಮುಖ್ಯ. ಅಲ್ಲೂ ಕೇಳುವ ಪ್ರಶ್ನೆ ಒಂದೇ: ಮಗುವಿನ ಹಿತ ಎಲ್ಲಿದೆ? ಹಿಂದೂ ಕುಟುಂಬಗಳಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಕಾಯ್ದೆ ಹೇಳುತ್ತದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳಬಹುದು ಎನ್ನುತ್ತದೆ. ಯಾರ ಹೊಲ ದೊಡ್ಡದು, ಯಾರ ಅಂಗಡಿ ಚೆನ್ನಾಗಿ ನಡೆಯುತ್ತದೆ ಎಂಬುದೊಂದೇ ಉತ್ತರವಾಗುವುದಿಲ್ಲ.

ಇನ್ನೊಂದು ದಾರಿಯೂ ಉಂಟು

ಮಕ್ಕಳ ಸುಪರ್ದಿನ ಆದೇಶ ಕಲ್ಲಿನ ಮೇಲೆ ಕೊರೆದ ಅಕ್ಷರವಲ್ಲ. ಕಾಲ, ಪರಿಸ್ಥಿತಿ ಬದಲಾದರೆ ಇದನ್ನೂ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ. ಮಗುವನ್ನು ನೋಡಿಕೊಳ್ಳುತ್ತಿದ್ದವರು ಕೆಲಸಕ್ಕೆಂದು ಬೇರೆ ಊರು ಹಿಡಿದರು, ಮಗು ಶಾಲೆ ಬಿಟ್ಟಿತು, ಭೇಟಿಗೆ ಬಿಡುತ್ತಿಲ್ಲ ಎಂಬಂಥ ಹೊಸ ಸಂಗತಿಗಳಿಗೆ ಧಾರವಾಡದ ಅಗತ್ಯವಿಲ್ಲ. ಆದೇಶ ಕೊಟ್ಟ ಕೋರ್ಟ್‌ಗೇ ಅರ್ಜಿ ಹಾಕಬಹುದು. ಆದೇಶವೇ ತಪ್ಪು ಎನ್ನುವವರಿಗೆ ಮೇಲ್ಮನವಿ, ಆಮೇಲೆ ಪರಿಸ್ಥಿತಿ ಬದಲಾಯಿತು ಎನ್ನುವವರಿಗೆ ಈ ಅರ್ಜಿ.

ಖರ್ಚಿನ ಚಿಂತೆ ಇದ್ದರೆ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ತಂದೆಯಾದವರಿಗೆ ಆದಾಯದ ಮಿತಿ ಅಥವಾ ಪರಿಶಿಷ್ಟ ಜಾತಿ, ಪಂಗಡದಂಥ ಅರ್ಹತೆ ಬೇಕು. ಕೇಸು ಎಳೆದಷ್ಟೂ ಮಗು ಇದ್ದ ಕಡೆಯೇ ಒಗ್ಗಿಕೊಳ್ಳುತ್ತದೆ, ಕೋರ್ಟ್ ಅದನ್ನೂ ಗಮನಿಸುತ್ತದೆ. ಹಾಗಾಗಿ ಹೋಗುವುದೇ ಆದರೆ ಮೊದಲ ವಾರದಲ್ಲೇ ಹೋಗಬೇಕು, ಕೇಸು ಮುಗಿಯುವ ತನಕ ಸಿಕ್ಕ ಒಂದೊಂದು ಭೇಟಿಯನ್ನೂ ತಪ್ಪಿಸಬಾರದು.