ಗಂಧವಿದ್ಯೆಯೂ ಹೆಂಗಸರ ಹೆಸರೂ

ಮದುವೆಯ ಚಪ್ಪರದ ಬಾಗಿಲಲ್ಲಿ ಪನ್ನೀರುದಾನಿಯನ್ನು ಹಿಡಿದು ನಿಲ್ಲುವ ಹೆಣ್ಣುಮಕ್ಕಳನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಸುಗಂಧವನ್ನು ಹಂಚುವುದು ಹೆಂಗಸರಿಗೆ ಸಹಜವಾದುದು, ಅದನ್ನು ಶಾಸ್ತ್ರವಾಗಿ ಅರಿತು ಸಿದ್ಧಪಡಿಸುವುದು ಮಾತ್ರ ಗಂಡಸರ ಕೆಲಸ ಎಂಬ ಭಾವನೆ ನಮ್ಮಲ್ಲಿ ಹಲವರಿಗೆ ಇದೆ. ಇನ್ನು ಕೆಲವರು, ಸ್ತ್ರೀಯರು ಪ್ರಯೋಗಶಾಲೆಯನ್ನು ಹೊಕ್ಕುದು ಕೇವಲ ಇತ್ತೀಚಿನ ಸಂಗತಿಯೆಂದೂ, ಅದು ಹೊಸ ಕಾಲವು ಅವರಿಗೆ ಮಾಡಿದ ಉಪಕಾರವೆಂದೂ ಹೇಳುವುದುಂಟು. ಈ ಎರಡು ಮಾತುಗಳೂ ಇತಿಹಾಸದ ಮುಂದೆ ನಿಲ್ಲತಕ್ಕವುಗಳಲ್ಲ.

ಈಗಿನ ಇರಾಕ್ ದೇಶದಲ್ಲಿ, ಟೈಗ್ರಿಸ್ ನದಿಯ ದಡದ ಮೇಲೆ, ಅಶ್ಶೂರ್ ಎಂಬ ಪ್ರಾಚೀನ ರಾಜಧಾನಿಯ ಅವಶೇಷಗಳಿವೆ. 1903ರಿಂದ 1914ರ ವರೆಗೆ ಜರ್ಮನ್ ವಿದ್ವಾಂಸರು ಅಲ್ಲಿ ಅಗೆಯಿಸಿದಾಗ, ಬೆಣೆಯಾಕಾರದ ಅಕ್ಷರಗಳನ್ನು ಕೊರೆದ ಮಣ್ಣಿನ ಹಲಗೆಗಳು ರಾಶಿಯಾಗಿ ದೊರೆತವು. ಅಶ್ಶೂರಿನ ಇಂಥ ಹಲಗೆಗಳಲ್ಲಿ ಅರಸನಿಗೆ ತಕ್ಕ ಸುಗಂಧತೈಲವನ್ನು ಮಾಡುವ ಕ್ರಮವನ್ನು ತಿಳಿಸುವವೂ ಇವೆ. ಸುಮಾರು 3200 ವರ್ಷಗಳಷ್ಟು ಹಿಂದಿನ ಒಂದು ಹಲಗೆಯಲ್ಲಿ, ಈ ಕ್ರಮವು ತಪ್ಪೂತಿ ಬೇಲತ್ ಏಕಲ್ಲೆ ಎಂಬ ಗಂಧಕಾರಿಣಿಯು ಹೇಳಿದುದೆಂದು ಬರೆದಿದೆ. ಸುವಾಸನೆಯ ಜೊಂಡು, ಹೂವು, ಅಂಟು, ಎಣ್ಣೆ ಇವು ಅವಳ ಸಾಮಗ್ರಿಗಳು. ನೀರನ್ನು ಕಾಯಿಸಿ ಅದರಲ್ಲಿ ಗಂಧದ್ರವ್ಯಗಳನ್ನು ರಾತ್ರಿಯೆಲ್ಲ ನೆನೆಯಿಡುವುದು, ಬೆಳಗ್ಗೆ ಬಟ್ಟೆಯಲ್ಲಿ ಸೋಸುವುದು, ಮತ್ತೆ ಹೊಸ ದ್ರವ್ಯವನ್ನು ಹಾಕಿ ಕಾಯಿಸುವುದು, ಕೊನೆಗೆ ಎಣ್ಣೆಯನ್ನು ಬೆರಸಿ ಹದವರಿತು ಕಲಕುವುದು. ಹೀಗೆ ದಿನದಿನದ ಕೆಲಸವನ್ನು ಅನುಕ್ರಮವಾಗಿ ಹೇಳಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಇವಳೇ ಜಗತ್ತಿನ ಮೊತ್ತಮೊದಲ ರಸಾಯನಶಾಸ್ತ್ರಜ್ಞೆಯೆಂದೂ, ಬಟ್ಟಿ ಇಳಿಸುವುದನ್ನು ಕಂಡುಹಿಡಿದವಳೆಂದೂ, ಅರಮನೆಯ ಮೇಲ್ವಿಚಾರಕಿಯಾಗಿದ್ದಳೆಂದೂ ಉತ್ಸಾಹಿಗಳು ಬರೆಯುತ್ತಾರೆ. ಆದರೆ ಹೆಸರಿನ ಉತ್ತರಾರ್ಧಕ್ಕೆ ಅರಮನೆಯ ಒಡತಿ ಎಂದು ಅರ್ಥ. ಅದು ಪದವಿಯಲ್ಲ, ಒಬ್ಬ ದೇವತೆಯ ನಾಮವೆಂದು ಹೇಳುವ ವಿದ್ವಾಂಸರಿದ್ದಾರೆ. ಸತ್ಯವೇ ಸಾಕಷ್ಟು ದೊಡ್ಡದಾಗಿರುವಾಗ ಅದಕ್ಕೆ ಕಿರೀಟವನ್ನು ತೊಡಿಸುವುದು ಅನಾವಶ್ಯಕ. ಅಳತೆ, ಕಾವು, ಕಾಲ, ಸೋಸುವಿಕೆ ಇವುಗಳನ್ನು ನಿಯಮಕ್ಕೆ ತಂದು ಮತ್ತೊಬ್ಬರಿಗೆ ಬೋಧಿಸಬಲ್ಲಷ್ಟು ವಿದ್ಯೆ ಒಬ್ಬ ಹೆಂಗಸಿಗೆ ಇದ್ದಿತು, ಆಕೆಯ ಮಾತನ್ನು ಪ್ರಮಾಣವೆಂದು ಆಸ್ಥಾನವು ಬರೆಯಿಸಿಕೊಂಡಿತು. ಇಷ್ಟು ನಿಶ್ಚಯವಾದರೆ ನಮ್ಮ ವಾದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವಳಾದ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ರಸವಾದಿಗಳ ನಡುವೆ ಯಹೂದಿ ಮರಿಯಾ ಎಂಬವಳ ಕೀರ್ತಿಯಿದ್ದಿತು. ಇವಳ ಗ್ರಂಥಗಳು ನಷ್ಟವಾಗಿವೆ. ಈಜಿಪ್ಟಿನ ಜೋಸಿಮಸ್ ಎಂಬ ರಸವಾದಿಯು ಸುಮಾರು 300ರಲ್ಲಿ ತನ್ನ ಬರಹಗಳಲ್ಲಿ ಆಕೆಯ ಮಾತುಗಳನ್ನು ಆದರದಿಂದ ಎತ್ತಿಕೊಂಡುದರಿಂದ ಮಾತ್ರ ಅವಳನ್ನು ನಾವು ಬಲ್ಲೆವು. ಮೂರು ನಳಿಗೆಗಳ ತಾಮ್ರದ ಬಟ್ಟಿಯನ್ನು ಮಾಡುವ ರೀತಿಯನ್ನು ಆಕೆ ಹೇಳಿದ್ದಾಳೆ. ನಳಿಗೆಯ ತಗಡು ಭಕ್ಷ್ಯ ಮಾಡುವವರ ತಾಮ್ರದ ಬಾಣಲೆಗಿಂತ ಸ್ವಲ್ಪ ದಪ್ಪವಾಗಿರಬೇಕೆಂದೂ, ಸಂದುಗಳನ್ನು ಹಿಟ್ಟಿನ ಅಂಟಿನಿಂದ ಮುಚ್ಚಬೇಕೆಂದೂ ಅವಳ ವಿಧಿ. ಅಡುಗೆಮನೆಯ ಅನುಭವವು ಶಾಸ್ತ್ರವಾಗಿ ಬೆಳೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಮೆಲ್ಲಗೆ ಕಾಯಿಸುವ ಉಪಾಯಕ್ಕೆ ಫ್ರೆಂಚರು ಇಂದಿಗೂ ಮರಿಯಾಳ ಹೆಸರನ್ನೇ ಹೇಳುತ್ತಾರೆ. ಮುಂದೆ ಅಲೆಕ್ಸಾಂಡ್ರಿಯಾ ನಗರದಲ್ಲಿ ಗಣಿತ ಜ್ಯೋತಿಷಗಳನ್ನು ಬೋಧಿಸುತ್ತಿದ್ದ ಹೈಪೇಷಿಯಾಳನ್ನು 415ರಲ್ಲಿ ಉದ್ರಿಕ್ತವಾದ ಗುಂಪು ಕೊಂದಿತು. ಆಕೆಯ ವಿದ್ವತ್ತನ್ನು ನಾವು ಅರಿತಿರುವುದೂ ಬಹುಮಟ್ಟಿಗೆ ಶಿಷ್ಯನಾದ ಸೈನೀಸಿಯಸನ ಪತ್ರಗಳಂಥ ಪರರ ಬರಹಗಳಿಂದಲೇ.

ಈ ಮೂವರ ಚರಿತ್ರೆಯಿಂದ ತಿಳಿಯಬರುವ ತತ್ತ್ವವು ಒಂದೇ. ವಿದ್ಯೆಯು ಹೆಂಗಸರಲ್ಲಿ ಇಲ್ಲದಿರಲಿಲ್ಲ. ಅವರ ಹೆಸರನ್ನು ಬರೆದಿಡುವ ಕೈ ಇದ್ದಾಗ ಅದು ಉಳಿಯಿತು, ಇಲ್ಲದಾಗ ಅಳಿಯಿತು. ಮಣ್ಣಿನ ಹಲಗೆಯ ಮೇಲೆ ಒಂದು ಸಾಲು ಇರದಿದ್ದರೆ ತಪ್ಪೂತಿಯ ತೈಲವು ಯಾರೋ ಅರಮನೆಯವರು ಮಾಡಿದುದಾಗುತ್ತಿತ್ತು.

ನಮ್ಮ ನಾಡಿಗೆ ಈ ವಿಚಾರವು ದೂರದ್ದಲ್ಲ. ವಿರಾಟನ ಅರಮನೆಯಲ್ಲಿ ಸೈರಂಧ್ರಿಯಾಗಿದ್ದ ದ್ರೌಪದಿಯು ಗಂಧವನ್ನು ತೇದು ಜಡ್ಡುಗಟ್ಟಿದ ಕೈಗಳನ್ನು ಭೀಮನಿಗೆ ತೋರಿಸಿದ ಕಥೆ ಮಹಾಭಾರತದಲ್ಲಿದೆ. ಅವಳು ರಾಣಿಯಾದುದರಿಂದ ಆ ಕೈಗಳ ಸುದ್ದಿ ನಮ್ಮ ವರೆಗೆ ಬಂದಿತು. ನಿಜವಾದ ಸೈರಂಧ್ರಿಯರ ಸುದ್ದಿ ಬರಲಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಗಂಧಾನುಲೇಪನಗಳ ವಿಷಯವನ್ನು ವಿಸ್ತರಿಸಿದನು; ಗ್ರಂಥಕ್ಕೆ ಅರಸನ ಹೆಸರಿದೆ. 1916ರಲ್ಲಿ ಮೈಸೂರು ಸಂಸ್ಥಾನವು ಶ್ರೀಗಂಧದ ಎಣ್ಣೆಯನ್ನು ತೆಗೆಯಲಾರಂಭಿಸಿತು. ಎಣ್ಣೆಗೆ ಊರಿನ ಹೆಸರಿದೆ. 2005ರಲ್ಲಿ ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಅಲ್ಲಿಯೂ ಊರಿಗೇ ರಕ್ಷಣೆ. ಆದರೆ ಮನೆಯ ಜಗುಲಿಯಲ್ಲಿ ಕುಳಿತು ಊದುಬತ್ತಿಯನ್ನು ಹೊಸೆದು ಈ ಊರುಗಳಿಗೆ ಕೀರ್ತಿಯನ್ನು ತಂದ ಹೆಂಗಸರು ಯಾರು? ಯಾವ ಹಲಗೆಯಲ್ಲಿ ಅವರ ಹೆಸರಿದೆ?

ಯಂತ್ರಗಳು ಬಂದು ಕೈಗೆಲಸವು ಕಡಮೆಯಾಗುತ್ತಿರುವ ಈ ಕಾಲದಲ್ಲಿ ಆ ವಿದ್ಯೆಯೂ ಅವರೊಂದಿಗೆ ಹೋಗಿಬಿಡಬಹುದು. ಆದುದರಿಂದ ಕೈಗಾರಿಕೆಯ ಅಧಿಕಾರಿಗಳೂ ವಿದ್ಯಾಸಂಸ್ಥೆಗಳವರೂ ಈ ಕೆಲಸವನ್ನು ಕೈಕೊಳ್ಳತಕ್ಕದ್ದು: ಹದವನ್ನು ಬಲ್ಲ ವೃದ್ಧೆಯರ ಬಳಿ ಹೋಗಿ, ಅವರ ಮಾತನ್ನು ಅವರ ಹೆಸರಿನೊಡನೆ ಬರೆದುಕೊಳ್ಳಲಿ. ಪಠ್ಯಪುಸ್ತಕಗಳಲ್ಲಿ ತಪ್ಪೂತಿ ಮರಿಯಾ ಮೊದಲಾದವರ ಚರಿತ್ರೆಯನ್ನು ಸೇರಿಸಲಿ. ಇದಕ್ಕೆ ದೊಡ್ಡ ದ್ರವ್ಯವೇನೂ ಬೇಕಾಗಿಲ್ಲ. ಅಶ್ಶೂರದ ಒಬ್ಬ ಲಿಪಿಕಾರನು ಹಸಿಮಣ್ಣಿನ ಮೇಲೆ ಕಡ್ಡಿಯಿಂದ ಮಾಡಿದ ಕೆಲಸವನ್ನು, ಇಷ್ಟು ಸಾಧನಗಳುಳ್ಳ ನಾವು ಮಾಡಲಾರೆವೆ?